ಖಲೀಫಾ ಸಿಟಿಯ ಬಾಣಂತಿ ಬಾತು

ಪ್ರಾಣಿಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿದ ಹುಡುಗಿಯರು ಆಗಾಗ ನನ್ನನ್ನು ಕೇಳುತ್ತಾರೆ, ಇದಕ್ಕೆ ಗಲ್ಫಿನಲ್ಲಿ ಕೆಲಸ ಉಂಟಾ ಎಂದು. ಉಂಟು. ನನಗೆ ಸಿಕ್ಕಿತ್ತು. ಹೊರಗೆ ಚಪ್ಪಲಿ ಡಾಂಬರಿಗೆ ಅಂಟುವ ಬಿಸಿಲು, ಒಳಗೆ ಉಣ್ಣೆಯ ಸ್ವೆಟರ್ ತೊಟ್ಟು ಬಾತುಗಳನ್ನು ನೋಡಿಕೊಳ್ಳುವ ಕೆಲಸ. ಸಂದರ್ಶನದಲ್ಲಿ ಇದನ್ನೆಲ್ಲ ಬಿಡಿಸಿ ಹೇಳುವವರಿಲ್ಲ. ಹಾಗಾಗಿ ನಾನು ಬರೆದಿಡುತ್ತಿದ್ದೇನೆ.

ನನ್ನ ತಾಯಿ ಬೀಡಿ ಕಟ್ಟುತ್ತಿದ್ದರು. ಅವರ ಪಕ್ಕದಲ್ಲಿ ಕೂತು ಎಲೆ ಕತ್ತರಿಸುತ್ತಲೇ ನಾನು ಕಪ್ಪೆಯ ಹೃದಯಕ್ಕೆ ಎಷ್ಟು ಕೋಣೆ ಎಂದು ಬಾಯಿಪಾಠ ಮಾಡಿದವಳು. ನಮ್ಮ ಕುಟುಂಬದಲ್ಲಿ ನನಗಿಂತ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದವರಿಲ್ಲ. ಪದವಿಪತ್ರ ಕೈಗೆ ಬಂದ ದಿನ ತಾಯಿ ಅದನ್ನು ಎರಡೂ ಕಡೆ ತಿರುಗಿಸಿ ನೋಡಿ, “ಹಿಂದೆ ಎಂತ ಬರೆದಿಲ್ಲವಲ್ಲ, ಇಡೀ ಖಾಲಿ” ಅಂದರು. ಅಬುಧಾಬಿಗೆ ಹೊರಟಾಗ ಆ ಖಾಲಿ ಜಾಗ ಉಪಯೋಗಕ್ಕೆ ಬಂತು. ದೃಢೀಕರಣಕ್ಕೆಂದು ಬೆಂಗಳೂರಿನಿಂದ ದೆಹಲಿ, ದೆಹಲಿಯಿಂದ ರಾಯಭಾರ ಕಚೇರಿ ಎಂದು ಸುತ್ತಿ ಬರುವಷ್ಟರಲ್ಲಿ ಮುಂದಿನ ಅಕ್ಷರಗಳಿಗಿಂತ ಹಿಂದಿನ ಮೊಹರುಗಳೇ ಹೆಚ್ಚಾಗಿದ್ದವು. ನನಗೆ ಅದರಲ್ಲಿ ಬೇಸರವಿಲ್ಲ. ಕಷ್ಟಪಟ್ಟು ಪಡೆದದ್ದನ್ನು ಎಷ್ಟು ಮಂದಿ ಪರೀಕ್ಷಿಸಿದರೂ ಅದು ನಿಂತೇ ನಿಲ್ಲುತ್ತದೆ.

ನನ್ನ ಯಜಮಾನರು ಅಬುಧಾಬಿಯ ಮುಸಫ್ಫಾದ ಒಂದು ಬಿಡಿಭಾಗಗಳ ಅಂಗಡಿಯಲ್ಲಿ ಸ್ಟೋರ್‌ಕೀಪರ್. ನಾನು ಮೊದಲು ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಆದ್ದರಿಂದ ಕೊನೆಯವರೆಗೂ ಹೆಚ್ಚಿನವರಿಗೆ ನಾನು ‘ಟೀಚರ್’. ಐವತ್ತು ದಾಟಿದ ಮೇಲೆ, ಎರಡು ಸಾವಿರದ ಹತ್ತರ ನಂತರದ ವರ್ಷಗಳಲ್ಲಿ, ಅದೇ ಊರಿನ ಖಲೀಫಾ ಸಿಟಿಯ ಒಂದು ದೊಡ್ಡ ಮನೆಯ ಖಾಸಗಿ ಪಕ್ಷಿಶಾಲೆಗೆ ಸೇರಿದೆ. ಆ ಮನೆಯವರ ಹೆಸರು ಬರೆಯುವುದಿಲ್ಲ. ಮನೆಯ ಹಿರಿಯಾಕೆಯನ್ನು ನಾವೆಲ್ಲ ‘ಮಾಮಾ’, ಎಂದರೆ ಅಮ್ಮ, ಎನ್ನುತ್ತಿದ್ದೆವು, ಅವರ ಹಿರಿಯ ಮಗನನ್ನು ‘ಅರ್ಬಾಬ್’. ಸಂಬಳ ಕೊಡುವವರಿಗೆ ಅಲ್ಲಿ ಹಾಗೆ ಹೇಳುವುದು.

ಇಷ್ಟಕ್ಕೆಲ್ಲ ಕಾರಣ ಒಂದು ಹೊದಿಕೆ. ಅರ್ಬಾಬ್ ಉತ್ತರದ ಯಾವುದೋ ಚಳಿದೇಶಕ್ಕೆ ಹೋದವರು ತಾಯಿಗೆಂದು ಐಡರ್ ಬಾತಿನ ತುಪ್ಪುಳು ತುಂಬಿದ ಹೊದಿಕೆ ತಂದರು. ಎತ್ತಿದರೆ ತೂಕವೇ ಇಲ್ಲ, ಹೊದ್ದರೆ ಒಲೆಯ ಪಕ್ಕ ಕೂತ ಹಾಗೆ. ಅದನ್ನು ಹೊದೆಯುವುದಕ್ಕೋಸ್ಕರ ಮಾಮಾ ಏಸಿಯನ್ನು ಪೂರ್ತಿ ತಣ್ಣಗೆ ಮಾಡಿಸಿ ಮಲಗತೊಡಗಿದರು. ಮಗನಿಗೆ ಸಂತೋಷವಾಯಿತು. ಸ್ವಂತ ಒಂಟೆಯ ಹಾಲು, ಸ್ವಂತ ತೋಟದ ಖರ್ಜೂರ ಇರುವ ಮನೆಯಲ್ಲಿ ಹೊದಿಕೆ ಮಾತ್ರ ಪರದೇಶದ್ದು ಯಾಕೆ ಎಂದು ಅವರಿಗೆ ಅನಿಸಿತು. ಎರಡು ಜೋಡಿ ಬಾತು ವಿಮಾನದಲ್ಲಿ ಬಂದವು.

ನನ್ನನ್ನು ಸಂದರ್ಶನ ಮಾಡಿದವರು ಡಾಕ್ಟರ್ ಫಾದಿ ಎಂಬ ಸಿರಿಯಾದ ಪಶುವೈದ್ಯರು. ಪಕ್ಷಿಶಾಲೆಗೆ ಅವರೇ ಮೇಲಧಿಕಾರಿ.

“ಐಡರ್ ಬಾತು ಗೊತ್ತಾ?”

“ಪುಸ್ತಕದಲ್ಲಿ ಅರ್ಧ ಸಾಲು ಓದಿದ್ದೇನೆ.”

“ಇಲ್ಲಿ ಅಷ್ಟೂ ಓದಿದವರಿಲ್ಲ. ಯಲ್ಲಾ, ನಾಳೆಯಿಂದ ಬನ್ನಿ. ಸ್ವೆಟರ್ ಇದೆಯಾ?”

ಇರಲಿಲ್ಲ. ನಮ್ಮೂರಿನಲ್ಲಿ ಸ್ವೆಟರ್ ಎಂದರೆ ಜ್ವರ ಬಂದವರು ಹಾಕುವ ವಸ್ತು.

ಆ ಬಾತುಗಳ ಬಗ್ಗೆ ಎರಡು ಮಾತು ಹೇಳಬೇಕು, ಇಲ್ಲದಿದ್ದರೆ ಮುಂದಿನದ್ದು ಅರ್ಥವಾಗದು. ಇವು ಉತ್ತರದ ತಣ್ಣನೆಯ ಸಮುದ್ರದ ಬಾತುಗಳು. ಗಂಡು ಬಿಳಿ-ಕಪ್ಪು, ಹೆಣ್ಣು ಕಂದು. ಗಂಡಿನ ಕೂಗು ಬಾತಿನದ್ದಲ್ಲವೇ ಅಲ್ಲ. ಕತ್ತು ಹಿಂದೆ ಎಸೆದು “ಓ-ಹೋ-ಓ” ಎನ್ನುತ್ತದೆ, ಪಕ್ಕದ ಮನೆಯ ರಹಸ್ಯ ಕೇಳಿದ ಮುದುಕಿಯ ಹಾಗೆ. ಹೆಣ್ಣು ಮೊಟ್ಟೆಯಿಡುವಾಗ ತನ್ನ ಎದೆಯ ತುಪ್ಪುಳನ್ನು ತಾನೇ ಕಿತ್ತು ಗೂಡಿಗೆ ಹಾಸುತ್ತದೆ. ಜಗತ್ತಿನಲ್ಲೇ ಬೆಚ್ಚಗಿನ ತುಪ್ಪುಳು ಎಂದು ಹೆಸರಾದದ್ದು ಅದೇ. ಕೋಳಿಯಂತೆ ಹಿಡಿದು ಕೀಳುವ ವಸ್ತು ಅಲ್ಲ. ಗೂಡು ಕಟ್ಟಿದರೆ ಉಂಟು, ಕಟ್ಟದಿದ್ದರೆ ಇಲ್ಲ. ಇದನ್ನು ಬಾತು ತರಿಸಿದ ಮೇಲೆ ಅರ್ಬಾಬ್ ಅವರಿಗೆ ತಿಳಿಸಲಾಯಿತು.

ನಮ್ಮ ತಂಪು ಕೋಣೆಯಲ್ಲಿ ಸಮುದ್ರದ ನೀರಿನ ಕೊಳ, ಸುತ್ತ ಕಲ್ಲು, ಒಂದು ಗಾಜಿನ ಗೋಡೆ. ಕೋಣೆ ತಂಪಾಗಿಡುವ ಯಂತ್ರ ನೋಡಿಕೊಳ್ಳಲು ದುಬೈಯ ಕಂಪನಿಯೊಂದು ಲೋಕಯ್ಯ ಎಂಬವನನ್ನು ಅಲ್ಲೇ ಬಿಟ್ಟಿತ್ತು. ಕಾರ್ಕಳದ ಕಡೆಯವನು. ಅಡುಗೆಗೆ, ಅಂದರೆ ಹಕ್ಕಿಗಳ ಅಡುಗೆಗೆ, ಸೆವ್ರಿನ್ ಬಾಯಿ. ಮಂಗಳೂರಿನ ಕೊಂಕಣಿ ಕ್ರಿಶ್ಚಿಯನ್ ಹೆಂಗಸು, ಮೊದಲು ದುಬೈಯ ಅಲ್ ಮುರಕ್ಕಬಾತ್‌ನ ಹೋಟೆಲೊಂದರಲ್ಲಿ ಮೀನು ಸ್ವಚ್ಛ ಮಾಡುತ್ತಿದ್ದವರು. ನಮ್ಮೊಳಗೆ ತುಳು ನಡೆಯುತ್ತಿತ್ತು. ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ.

ಮೊದಲ ಎಡವಟ್ಟು ಊಟದ್ದು. ಈ ಬಾತುಗಳು ಪಚ್ಚಿಲೆಯನ್ನು, ಎಂದರೆ ಕಲ್ಲಿಗೆ ಅಂಟಿ ಬೆಳೆಯುವ ಚಿಪ್ಪುಜೀವಿಯನ್ನು, ಚಿಪ್ಪು ಸಮೇತ ನುಂಗುತ್ತವೆ. ಹೊಟ್ಟೆಯೊಳಗೆ ಚಿಪ್ಪು ಪುಡಿಯಾಗುತ್ತದೆ. ಸೆವ್ರಿನ್ ಬಾಯಿಯ ಕೈಗೆ ಪಚ್ಚಿಲೆ ಸಿಕ್ಕಿದರೆ ಚಿಪ್ಪು ಉಳಿಯುವುದುಂಟೇ? ಬಿಸಿನೀರಿಗೆ ಹಾಕಿ, ಬಾಯಿ ಬಿಡಿಸಿ, ಕೊಳೆ ತೆಗೆದು, ಮೂರು ನೀರಿನಲ್ಲಿ ತೊಳೆದು, ನೆಂಟರಿಗೆ ಬಡಿಸುವ ಹಾಗೆ ತಟ್ಟೆಯಲ್ಲಿ ಜೋಡಿಸಿ ಇಟ್ಟರು. ಬಾತುಗಳು ತಿಂದವು. ವಾರ ಕಳೆಯುವಷ್ಟರಲ್ಲಿ ನಾಲ್ಕಕ್ಕೂ ಭೇದಿ.

“ಚಿಪ್ಪು ಎಲ್ಲಿ?” ಎಂದರು ಫಾದಿ.

“ಬಿಸಾಡಿದೆ ಡಾಕ್ಟರ್,” ಸೆವ್ರಿನ್ ಬಾಯಿ ಹೆಮ್ಮೆಯಿಂದಲೇ ಹೇಳಿದರು. “ಒಂದು ಚೂರೂ ಬಿಡಲಿಲ್ಲ.”

ಅಂದಿನಿಂದ ಚಿಪ್ಪು ಸಮೇತ ಹಾಕಿದೆವು. ಅವರು ಮಾತ್ರ ಹಾಕುವಾಗಲೆಲ್ಲ ಮುಖ ಆ ಕಡೆ ತಿರುಗಿಸುತ್ತಿದ್ದರು. ಸ್ವಚ್ಛ ಮಾಡದೆ ಬಡಿಸುವುದು ಅವರಿಗೆ ಅವಮಾನ.

ಎರಡನೆಯ ಎಡವಟ್ಟು ಬೆಳಕಿನದ್ದು, ಅದು ತಿಳಿಯಲು ಎರಡು ವಸಂತ ಹಿಡಿಯಿತು. ಮೊಟ್ಟೆ ಇಲ್ಲ, ಗೂಡು ಇಲ್ಲ, ಗಂಡು ಬಾತುಗಳ “ಓಹೋ” ಕೂಡ ಇಲ್ಲ. ಅವುಗಳ ಊರಿನಲ್ಲಿ ವಸಂತ ಬಂದರೆ ಸೂರ್ಯ ಮುಳುಗುವುದೇ ಕಷ್ಟ. ಹಗಲು ಉದ್ದವಾದರೆ ಮಾತ್ರ ಅವಕ್ಕೆ ಮದುವೆಯ ನೆನಪು. ಅದಕ್ಕೆಂದೇ ತಾನಾಗಿ ಹೊತ್ತಿ ಆರುವ ದೀಪಗಳನ್ನು ಹಾಕಿದ್ದರು. ಒಂದು ದಿನ ಮಧ್ಯಾಹ್ನ ಫಾದಿ ಬಂದು ನೋಡುತ್ತಾರೆ, ಒಳಗೆ ಕತ್ತಲು.

“ಯಾರು ಆರಿಸಿದ್ದು?”

“ನಾನೇ ಡಾಕ್ಟ್ರೇ,” ಎಂದ ಲೋಕಯ್ಯ. “ಒಳಗೆ ಯಾರೂ ಇರಲಿಲ್ಲವಲ್ಲ.”

“ಬಾತು ಇದ್ದವು.”

“ಅವಕ್ಕೆ ಓದಲಿಕ್ಕೆ ಬರೆಯಲಿಕ್ಕೆ ಎಂತ ಇಲ್ಲವಲ್ಲ.”

ವಿಚಾರಿಸಿದಾಗ ಗೊತ್ತಾಯಿತು, ಲೋಕಯ್ಯ ಮಾತ್ರವಲ್ಲ, ಕೋಣೆಯಿಂದ ಹೊರಬರುವ ನಾವೆಲ್ಲರೂ ಗೋಡೆಯ ಸ್ವಿಚ್ಚನ್ನು ಒತ್ತಿಯೇ ಬರುತ್ತಿದ್ದೆವು. ಖಾಲಿ ಕೋಣೆಯಲ್ಲಿ ಲೈಟು ಉರಿಸಿದರೆ ಅಪ್ಪನ ಬೈಗುಳ ಕೇಳಿ ಬೆಳೆದವರ ಕೈಗಳು ಅವು. ಅರ್ಬಾಬ್ ಅವರ ಮನೆಯಲ್ಲಿ ಕರೆಂಟಿಗೆ ಲೆಕ್ಕ ಕೇಳುವವರಿಲ್ಲ ಎಂಬುದು ತಲೆಗೆ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ. ನಮ್ಮ ಮಿತವ್ಯಯದಿಂದಾಗಿ ಬಾತುಗಳು ಎರಡು ವರ್ಷ ವಸಂತವನ್ನೇ ಕಾಣಲಿಲ್ಲ. ಸ್ವಿಚ್ಚಿನ ಮೇಲೆ ದಪ್ಪ ಟೇಪು ಅಂಟಿಸಿದೆವು.

ಅಷ್ಟರಲ್ಲಿ ಅರ್ಬಾಬ್ ಅವರ ತಾಳ್ಮೆ ಮುಗಿದಿತ್ತು. ಈ ಸಲ ತುಪ್ಪುಳು ಬರಬೇಕು, ಇಲ್ಲದಿದ್ದರೆ ಖಲಾಸ್, ಕೋಣೆಯನ್ನು ಗಿಡುಗಗಳಿಗೆ ಬಿಡುತ್ತೇನೆ ಎಂದು ಫಾದಿಗೆ ಹೇಳಿ ಕಳಿಸಿದರು. ಗಿಡುಗ ನೋಡುವವರು ಬೇರೆಯೇ ಇದ್ದರು. ಕೋಣೆ ಹೋದರೆ ಫಾದಿ, ಸೆವ್ರಿನ್ ಬಾಯಿ, ನಾನು, ಮೂವರ ವೀಸಾವೂ ರದ್ದು. ಸೆವ್ರಿನ್ ಬಾಯಿಯ ಮಗಳು ಮಂಗಳೂರಿನಲ್ಲಿ ನರ್ಸಿಂಗ್ ಎರಡನೆಯ ವರ್ಷ. ಲೋಕಯ್ಯ ಕಂಪನಿಯ ಮನುಷ್ಯ, ಅವನ ಕೆಲಸ ಹೋಗದು, ಆದರೆ ದುಬೈಯ ಮುಹೈಸ್ನಾದ ಲೇಬರ್ ಕ್ಯಾಂಪಿಗೆ ವಾಪಸು ಹೋಗಬೇಕು.

“ಇಲ್ಲಿ ನನಗೆ ಒಂದು ಕೋಣೆ ಉಂಟು ಅಕ್ಕ,” ಎಂದ. “ಅಲ್ಲಿ ಮಂಚದ ಮೇಲೆ ಮಂಚ. ಮೇಲಿನವನು ಮಗ್ಗುಲಾದರೆ ನನಗೆ ಕನಸು ಬದಲಾಗ್ತದೆ.”

ಬೆಳಕು ಸರಿಯಾದ ಕೆಲವೇ ವಾರಗಳಲ್ಲಿ ಗಂಡು ಬಾತು ಕತ್ತು ಎಸೆದು “ಓ-ಹೋ-ಓ” ಎಂದಿತು. “ಇದಕ್ಕೆ ಈಗ ಯಾರ ಮನೆಯ ಸುದ್ದಿ ಸಿಕ್ಕಿತು ಮಾರಾಯ್ರೆ,” ಎಂದು ಲೋಕಯ್ಯ ಯಂತ್ರ ಬಿಟ್ಟು ಓಡಿಬಂದ. ಸುದ್ದಿ ನಿಜವಾಗಿತ್ತು. ಕಾಲಿಗೆ ಹಳದಿ ಬಳೆಯಿದ್ದ ಹೆಣ್ಣು, ನಾವು ‘ಹಳದಿ’ ಎನ್ನುತ್ತಿದ್ದೆವು, ಕಲ್ಲಿನ ಸಂದಿಯಲ್ಲಿ ಐದು ಮೊಟ್ಟೆಯಿಟ್ಟು, ಎದೆಯ ತುಪ್ಪುಳು ಕಿತ್ತು ಹಾಸಿ, ಅದರ ನಡುವೆ ಮುಳುಗಿ ಕೂತಿತು.

ಮರುದಿನವೇ ಫಾದಿ ಪ್ಲಾಸ್ಟಿಕ್ ಚೀಲ ಹಿಡಿದು ಬಂದರು.

ನಾನು ಬಾಗಿಲಲ್ಲಿ ನಿಂತೆ. “ಈಗ ತೆಗೆದರೆ ಮೊಟ್ಟೆ ತಣ್ಣಗಾಗುತ್ತದೆ ಡಾಕ್ಟರ್. ಮರಿ ಹೊರಟ ಮೇಲೆ ತೆಗೆದರಾಯಿತು.”

“ಶುಕ್ರವಾರ ಅರ್ಬಾಬ್ ಬರುತ್ತಾರೆ. ಕೈಯಲ್ಲಿ ತುಪ್ಪುಳು ಇಲ್ಲದಿದ್ದರೆ ಕೋಣೆ ಹೋಗುತ್ತದೆ.”

“ಮೊಟ್ಟೆ ಸತ್ತರೆ ಮುಂದಿನ ವರ್ಷ ಕೂರುವ ಬಾತು ಎಲ್ಲಿಂದ?”

“ಮುಂದಿನ ವರ್ಷದ ಮಾತು ಬೇಡ ಟೀಚರ್. ಅದು ಎದೆಯಿಂದ ಕಿತ್ತು ಮಕ್ಕಳಿಗೆ ಹಾಸಿತು. ನಾನು ನನ್ನ ಮಕ್ಕಳ ವೀಸಾ ಎಲ್ಲಿಂದ ಕಿತ್ತು ತರಲಿ?”

ಅವರು ಕೆಟ್ಟವರಲ್ಲ. ಊರಿಗೆ ಹಿಂತಿರುಗುವಂತಿಲ್ಲದ ಮನುಷ್ಯ. ಒಂದು ಗಂಟೆ ಸಮಯ ಕೇಳಿ, ನಾನು ನೆಟ್ಟಗೆ ಮಾಮಾ ಅವರ ಕೋಣೆಗೆ ಹೋದೆ. ಮೇಲಧಿಕಾರಿಯ ತಲೆಯ ಮೇಲಿಂದ ಹೋಗಬಾರದೆಂದು ಹೊಸಬರಿಗೆಲ್ಲ ಬುದ್ಧಿ ಹೇಳುತ್ತಾರೆ. ಹೋಗಬಾರದು. ಹೋಗುವುದಾದರೆ ಹೋಗುತ್ತೇನೆಂದು ಹೇಳಿ ಹೋಗಿ. ನಾನು ಫಾದಿಗೆ ಹೇಳಿಯೇ ಹೋದೆ. ಅವರು ಚೀಲ ಮಡಚಿ ಜೇಬಿಗಿಟ್ಟು ಸಿಗರೇಟು ಹಚ್ಚಿದರು.

ಮಾಮಾ ಅವರಿಗೆ ಹಳೆಯ ಕಾಲದ ವ್ಯಾಪಾರಿಗಳಿಂದ ಕಲಿತ ಮುರುಕು ಹಿಂದಿ ಬರುತ್ತಿತ್ತು, ನನಗೆ ಮುರುಕು ಅರಬಿ. ಎರಡನ್ನೂ ಸೇರಿಸಿದರೆ ಒಂದು ಪೂರ್ತಿ ಭಾಷೆಯಾಗುತ್ತಿತ್ತು. ಬಿ.ಎಸ್ಸಿ.ಯ ಯಾವ ವಿಷಯವನ್ನೂ ನಾನು ಅಲ್ಲಿ ಎತ್ತಲಿಲ್ಲ. ನಮ್ಮೂರಿನಲ್ಲಿ ಬಾಣಂತಿಯ ಕೋಣೆಗೆ ನಲವತ್ತು ದಿನ ಹೊರಗಿನವರು ಕಾಲಿಡುವುದಿಲ್ಲ, ಆಕೆಯ ಹಾಸಿಗೆ ಎಳೆಯುವುದಿಲ್ಲ ಎಂದೆ. ತಂಪು ಕೋಣೆಯಲ್ಲಿ ಒಬ್ಬಳು ಕೂತಿದ್ದಾಳೆ, ಹಾಸಿಗೆ ಎಳೆಯಲು ಚೀಲ ಬಂದಿದೆ ಎಂದೆ.

“ಅರ್ಬಯೀನ್,” ಎಂದರು ಮಾಮಾ. ನಲವತ್ತು ಎಂದರ್ಥ. ಅವರಲ್ಲೂ ಅದೇ ಪದ್ಧತಿ, ಅದೇ ನಲವತ್ತು. “ಏಳು ಹೆತ್ತಿದ್ದೇನೆ. ನನ್ನ ಹಾಸಿಗೆ ಎಳೆದವರಿಲ್ಲ.” ಮಗನಿಗೆ ಫೋನ್ ಮಾಡಿಸಿ, ನಲವತ್ತು ದಿನ ಆ ಗೂಡಿನ ಹತ್ತಿರ ಯಾರೂ ಹೋಗಕೂಡದು ಎಂದರು. ಮಗ ತಾಯಿಯ ಮಾತು ಮೀರುವವರಲ್ಲ. ಆದರೆ ಶುಕ್ರವಾರ ಬಾಗಿಲಲ್ಲೇ ನಿಂತು ಕಣ್ಣಾರೆ ನೋಡಿಯೇ ನೋಡುತ್ತೇನೆ ಎಂದರು.

ಇನ್ನು ನಮ್ಮ ಕಷ್ಟ ಮುಗಿಯಿತು ಎಂದುಕೊಂಡೆ. ಆದರೆ ಬಾಣಂತಿ ಎಂಬ ಮಾತು ಅಡುಗೆಮನೆಗೂ ಹೋಗಿತ್ತು. ಈ ಬಾತು ಕಾವು ಕೂತ ಮೂರೂವರೆ ವಾರ ಹೆಚ್ಚುಕಡಿಮೆ ಏನನ್ನೂ ತಿನ್ನುವುದಿಲ್ಲ. ಮೈಯ ಕೊಬ್ಬನ್ನೇ ಕರಗಿಸಿ ಬದುಕುತ್ತದೆ. ಸೆವ್ರಿನ್ ಬಾಯಿಗೆ ಇದನ್ನು ವಿವರಿಸಿದೆ.

“ಹೊಟ್ಟೆಗೆ ಇಲ್ಲದೆ ಬಾಣಂತಿ ಕೂರುವುದಾ? ಯಾರು ಹೇಳಿದ್ದು?”

“ಪುಸ್ತಕದಲ್ಲಿ ಉಂಟು.”

“ಪುಸ್ತಕ ಬರೆದವನು ಹೆತ್ತಿದ್ದಾನಾ ಟೀಚರ್?”

ಶುಕ್ರವಾರ ಬೆಳಿಗ್ಗೆ ನಾನು ಉಳಿದ ಬಾತುಗಳ ತೂಕ ನೋಡುತ್ತಿದ್ದಾಗ ಸೆವ್ರಿನ್ ಬಾಯಿ ಒಳ್ಳೆಯ ಸಣ್ಣ ಪಚ್ಚಿಲೆ ಆರಿಸಿ, ಸ್ಟೀಲ್ ತಟ್ಟೆಯಲ್ಲಿ ಹಾಕಿಕೊಂಡು, ಮೆಲ್ಲಗೆ ಗೂಡಿನ ಬುಡಕ್ಕೇ ಹೋದರು. ಕಲ್ಲಿನ ಮೇಲೆ ತಟ್ಟೆ ಜಾರಿತು. ಹಳದಿ ಎದ್ದಿತು. ಏಳುವಾಗ, ಹೆದರಿದ ಐಡರ್ ಬಾತು ಮಾಡುವುದನ್ನೇ ಮಾಡಿತು. ಮೊಟ್ಟೆ, ತುಪ್ಪುಳು ಎಲ್ಲದರ ಮೇಲೂ ಹಸಿರು ಎಣ್ಣೆಯಂಥದ್ದನ್ನು ಪಿಚಕಾರಿಯಂತೆ ಹಾರಿಸಿ ಹೋಯಿತು. ಅವುಗಳ ಊರಿನಲ್ಲಿ ನರಿಗೂ ಹೇಸಿಗೆಯಾಗಲಿ ಎಂದು ಪ್ರಕೃತಿ ಕೊಟ್ಟ ಬೀಗ ಅದು. ನಾನು ಓದಿದ ಅರ್ಧ ಸಾಲಿನಲ್ಲಿ ಇದು ಇರಲಿಲ್ಲ.

ಲೋಕಯ್ಯ ಮೂಗು ಮುಚ್ಚಿಕೊಂಡು ಯಂತ್ರದ ಬಳಿಯಿಂದ ಬಂದ. “ಗಟಾರದ ಮುಚ್ಚಳ ತೆಗೆದಿರಾ ಬಾಯಮ್ಮ?”

“ಬಾಯಿ ಮುಚ್ಚು,” ಎಂದರು ಸೆವ್ರಿನ್ ಬಾಯಿ, ಅಳುತ್ತ.

ಅದೇ ಹೊತ್ತಿಗೆ ಅರ್ಬಾಬ್ ಅವರ ಕಾರು ಬಂತು. ಬೆಳ್ಳಗಿನ ಕಂದೂರಾ ನಿಲುವಂಗಿ, ಊದ್ ಅತ್ತರಿನ ಪರಿಮಳ. ಆ ಪರಿಮಳ ಬಾಗಿಲವರೆಗೆ ಬಂತು, ಮುಂದೆ ಬರಲಿಲ್ಲ. ಅರ್ಬಾಬ್ ತಲೆಯ ಬಟ್ಟೆಯ ತುದಿಯಿಂದ ಮೂಗು ಮುಚ್ಚಿ ಗೂಡಿನ ಕಡೆ ನೋಡಿದರು.

“ಅದಾ?”

“ಅದೇ ಸರ್,” ಎಂದೆ ನಾನು.

“ನಮ್ಮ ತಾಯಿ ಹೊದ್ದು ಮಲಗುವುದು ಅದನ್ನಾ?”

“ಸ್ವಚ್ಛ ಮಾಡಿದ್ದು ಸರ್.”

ಅವರು ಫಾದಿಯ ಕಡೆ ತಿರುಗಿದರು. “ಅದನ್ನು ಯಾರೂ ಮುಟ್ಟಬೇಡಿ. ಅಮ್ಮನ ನಲವತ್ತು ದಿನ ಮುಗಿಯಲಿ. ಆಮೇಲೆ ಖಲಾಸ್, ಗಿಡುಗ ತರಿಸುತ್ತೇನೆ.”

ಫಾದಿಯ ಜೇಬಿನಲ್ಲಿದ್ದ ಚೀಲ ಜೇಬಿನಲ್ಲೇ ಉಳಿಯಿತು. ಗೂಡಿಗೆ ಇನ್ನು ಯಾರ ಭಯವೂ ಇಲ್ಲ. ಹಳದಿ ಹಿಂತಿರುಗಬೇಕು, ಅಷ್ಟೆ. ಅದು ಕೊಳದ ಆಚೆ ಬದಿಯಲ್ಲಿ ನಿಂತು ನಮ್ಮನ್ನೇ ನೋಡುತ್ತಿತ್ತು. ನಾವು ಹೊರಗೆ ಹೋಗಿ ಗಾಜಿನ ಕೆಳಗೆ ಕುಕ್ಕರುಗಾಲಲ್ಲಿ ಅಡಗಿದೆವು. ಸೆವ್ರಿನ್ ಬಾಯಿ ಜಪಸರ ಹಿಡಿದರು. ಡಾಕ್ಟರ್ ಕೂಡ ನಮ್ಮ ಸಾಲಿನಲ್ಲೇ ಕುಕ್ಕರಿಸಿದ್ದರು. ಶುಕ್ರವಾರದ ನಮಾಜಿನ ಬಾಂಗ್ ಕೇಳಿಸುವ ಹೊತ್ತಿಗೆ ಹಳದಿ ಕಲ್ಲು ಹತ್ತಿ, ಗೂಡಿನ ಸುತ್ತ ಒಂದು ಸುತ್ತು ಹಾಕಿ, ತನ್ನ ಹೊಲಸಿನ ಮೇಲೆ ತಾನೇ ಯಾವ ತಕರಾರೂ ಇಲ್ಲದೆ ಕೂತಿತು.

“ಹೆತ್ತವಳಿಗೆ ವಾಸನೆ ಎಲ್ಲಿ,” ಎಂದರು ಸೆವ್ರಿನ್ ಬಾಯಿ.

ಮುಂದಿನ ವಾರಗಳಲ್ಲಿ ನಾವು ಗಾಜಿನಿಂದ ಮಾತ್ರ ನೋಡಿದೆವು. ಒಂದು ಬೆಳಿಗ್ಗೆ ಲೋಕಯ್ಯನ ಫೋನ್: “ಅಕ್ಕ, ಒಳಗೆ ಯಾರೋ ವಿಸಿಲ್ ಹಾಕ್ತಾರೆ.” ಐದರಲ್ಲಿ ಮೂರು ಒಡೆದಿದ್ದವು. ಮರಿಗಳು ಕಪ್ಪು ಉಣ್ಣೆಯ ಉಂಡೆಗಳಂತಿದ್ದವು. ಮೈ ಒಣಗುತ್ತಲೇ ತಾಯಿಯ ಹಿಂದೆ ನೀರಿಗಿಳಿದವು. ಮಾಮಾ ಗಾಲಿಕುರ್ಚಿಯಲ್ಲಿ ನೋಡಲು ಬಂದರು. ಒಳಗೆ ಚಳಿಯೆಂದು ಆ ಹೊದಿಕೆಯನ್ನೇ ಹೊದ್ದು ಬಂದಿದ್ದರು. ಬಾತು ಹೊದಿಕೆಯನ್ನೂ ಮಾಮಾರನ್ನೂ ಬಹಳ ಹೊತ್ತು ನೋಡಿತು. ಅದಕ್ಕೆ ಏನನಿಸಿತೋ ನನಗೆ ತಿಳಿಯದು. ಅದು ನಮ್ಮ ಪಠ್ಯದಲ್ಲಿರಲಿಲ್ಲ.

ಉಳಿದದ್ದು ತುಪ್ಪುಳು. ಗಟ್ಟಿಯಾಗಿ, ಹಸಿರಾಗಿ, ಚಿಪ್ಪಿನ ಚೂರು ತುಂಬಿಕೊಂಡು ಬಿದ್ದಿತ್ತು. ಇದನ್ನು ತೊಳೆಯಬಾರದು, ಒಣ ಬಿಸಿಯಲ್ಲಿ ಕಾಯಿಸಿ ಕಸ ಉದುರಿಸಬೇಕೆಂದು ಫಾದಿ ಯಾರನ್ನೋ ಕೇಳಿ ತಿಳಿದುಕೊಂಡರು. ಒಣ ಬಿಸಿಗೆ ಅಬುಧಾಬಿಯಲ್ಲಿ ಒಲೆ ಬೇಕಿಲ್ಲ. ತಾರಸಿಯ ಮೇಲೆ ತಗಡಿನಲ್ಲಿಟ್ಟು ಮೇಲೊಂದು ಬಲೆ ಮುಚ್ಚಿದೆವು. ಆ ದೇಶಗಳಲ್ಲಿ ಬಿಗಿದ ತಂತಿಗಳ ಮೇಲೆ ತುಪ್ಪುಳನ್ನು ಉಜ್ಜಿ ಕಸ ಬೀಳಿಸುತ್ತಾರಂತೆ. ಲೋಕಯ್ಯ ತನ್ನ ಹಳೆಯ ಶಟಲ್ ಬ್ಯಾಟು ತಂದ. ಅದರ ಎಳೆಗಳ ಮೇಲೆ ಆಡಿಸುತ್ತಾ ಹೋದಂತೆ ಧೂಳು, ಚಿಪ್ಪು, ಹುಡಿಯೆಲ್ಲ ಕೆಳಗೆ ಬಿತ್ತು. ತುಪ್ಪುಳು ಮಾತ್ರ ಒಂದಕ್ಕೊಂದು ಕೈಹಿಡಿದು ಬ್ಯಾಟಿನಲ್ಲೇ ಉಳಿಯಿತು. ತಾರಸಿಯಲ್ಲಿ ಗಾಳಿಯಿತ್ತು. ಒಂದು ಎಳೆಯೂ ಹಾರಲಿಲ್ಲ. ನನ್ನ ತಾಯಿ ಹೊಗೆಸೊಪ್ಪಿನ ಹುಡಿ ಗೇರುತ್ತಿದ್ದದ್ದು ನೆನಪಾಯಿತು. ಅವರು ಸೆರಗನ್ನು ಮೂಗಿಗೆ ಕಟ್ಟಿಕೊಳ್ಳುತ್ತಿದ್ದರು. ನಾನೂ ಕಟ್ಟಿಕೊಂಡಿದ್ದೆ.

ಕೊನೆಗೆ ಉಳಿದದ್ದು ಒಂದು ಹಿಡಿ. ಒತ್ತಿದರೆ ಮುಷ್ಟಿಯೊಳಗೆ ಇಲ್ಲವೇ ಇಲ್ಲ, ಬಿಟ್ಟರೆ ಬೊಗಸೆ ತುಂಬ.

ನಲವತ್ತು ದಿನ ಮುಗಿದ ಮೇಲೆ ಅರ್ಬಾಬ್ ಬಂದರು. ಮಾಮಾ ಕೂತಿದ್ದ ಕೋಣೆಗೆ ಕಾಫಿಯ ತಟ್ಟೆಯಲ್ಲಿ ಆ ಹಿಡಿಯನ್ನು ತೆಗೆದುಕೊಂಡು ಹೋದೆ. ಫಾದಿ ಬಾಗಿಲ ಬಳಿ ನಿಂತಿದ್ದರು, ಇಸ್ತ್ರಿ ಮಾಡಿದ ಅಂಗಿ ಹಾಕಿ, ಬೀಳ್ಕೊಡುಗೆಗೆ ಬಂದವರ ಹಾಗೆ. ಅರ್ಬಾಬ್ ಮೊದಲು ಮೂಸಿ ನೋಡಿದರು. ಆಮೇಲೆ ಅಂಗೈಯಲ್ಲಿಟ್ಟು ಮುಚ್ಚಿದರು. ಸ್ವಲ್ಪ ಹೊತ್ತಿನಲ್ಲಿ ಅವರ ಹುಬ್ಬು ಮೇಲೇರಿತು. ಕೈ ಬೆಚ್ಚಗಾಗುವುದು ಗೊತ್ತಾಗುತ್ತದೆ, ಯಾರಿಗಾದರೂ.

“ಒಂದು ಹೊದಿಕೆಗೆ ಇಂಥ ಎಷ್ಟು ಗೂಡು ಬೇಕು?”

“ಐವತ್ತು ಅರವತ್ತು ಸರ್.”

“ನಮ್ಮಲ್ಲಿ ವರ್ಷಕ್ಕೆ?”

“ಒಂದು. ಒಳ್ಳೆಯ ವರ್ಷವಾದರೆ ಎರಡು.”

ಫಾದಿ ಕಣ್ಣು ಮುಚ್ಚಿದರು. ಸುಳ್ಳು ಹೇಳಬಹುದಿತ್ತು. ಆದರೆ ಅಷ್ಟು ಮೊಹರು ಬಿದ್ದ ಪದವಿ ಇಟ್ಟುಕೊಂಡು ಗುಣಾಕಾರದಲ್ಲಿ ಸುಳ್ಳು ಹೇಳುವುದು ನನ್ನಿಂದ ಆಗದು.

ಅರ್ಬಾಬ್ ತಾಯಿಯ ಕಡೆ ತಿರುಗಿ ಅದನ್ನೇ ಅರಬಿಯಲ್ಲಿ ಹೇಳಿದರು. ಐವತ್ತು ವರ್ಷ, ಅಮ್ಮ.

ಮಾಮಾ ಮಗನ ಕೈಯಿಂದ ತುಪ್ಪುಳು ತೆಗೆದುಕೊಂಡು ತಮ್ಮ ಮಡಿಲಲ್ಲಿಟ್ಟರು. “ಹಾಗಾದರೆ ಐವತ್ತು ವರ್ಷ ಬಾಗಿಲು ಮುಚ್ಚಬೇಡ.”

“ಅಮ್ಮ, ಅಷ್ಟರಲ್ಲಿ...”

“ನನಗೆ ಒಂದು ಉಂಟು. ಇದು ನಿನ್ನ ಮುಪ್ಪಿಗೆ.”

ಅರ್ಬಾಬ್ ಕಾಫಿ ಕುಡಿದರು. ಎರಡನೆಯ ಸಲವೂ ಕುಡಿದರು. ಆಮೇಲೆ ಫಾದಿಯನ್ನು ಕರೆದು, ತಂಪು ಯಂತ್ರ ಹಳೆಯದಾಯಿತಲ್ಲ, ಹೊಸದಕ್ಕೆ ಎಷ್ಟಾಗುತ್ತದೆ ನೋಡಿ ಎಂದರು. ಗಿಡುಗಗಳಿಗೆ ಬೇರೆ ಕಡೆ ಕೋಣೆ ಕಟ್ಟಿಸಿದರು.

ಆಮೇಲಿನ ವರ್ಷಗಳಲ್ಲಿ ಹಳದಿಯ ಮಗಳೂ ಗೂಡು ಕಟ್ಟಿತು. ಸೆವ್ರಿನ್ ಬಾಯಿ ಪ್ರತಿ ವಸಂತದಲ್ಲೂ ಗಾಜಿನ ಹೊರಗೆ ನಿಂತು, ಊಟ ಮಾಡದ ಬಾಣಂತಿಯನ್ನು ನೋಡಿ ಬೈಯುತ್ತಿದ್ದರು, ಒಳಗೆ ಕಾಲಿಡುತ್ತಿರಲಿಲ್ಲ. ಅವರ ಮಗಳು ಈಗ ಅಬುಧಾಬಿಯಲ್ಲೇ ಒಂದು ಆಸ್ಪತ್ರೆಯಲ್ಲಿ ನರ್ಸ್. ಅರುವತ್ತಾದ ಮೇಲೆ ನಾನು ಬಿಟ್ಟು ಬಂದೆ. ಬರುವ ದಿನ ಲೋಕಯ್ಯ ಸ್ಟೋರಿನ ಮೊಳೆಯಿಂದ ಬಟ್ಟೆಯ ಚೀಲ ಇಳಿಸಿ ನನ್ನ ಕೈಗೆ ಕೊಟ್ಟ. ಅಷ್ಟೂ ವರ್ಷಗಳ ತುಪ್ಪುಳು ಅದರಲ್ಲಿತ್ತು. ಎಳೆಗೂಸಿನ ತಲೆದಿಂಬಿನಷ್ಟು ಆಗಿತ್ತು.

“ಎಷ್ಟಾಯಿತು ಅಕ್ಕ?” ಎಂದ.

“ಮೊಣಕಾಲವರೆಗೆ ಹೊದೆಯಬಹುದು,” ಎಂದೆ, “ಮೊಣಕಾಲು ಸಣ್ಣದಿದ್ದರೆ.”

ಚೀಲವನ್ನು ಮತ್ತೆ ಮೊಳೆಗೆ ಹಾಕಿದ. ಹೊರಗೆ ಬರುವಾಗ ನನ್ನ ಕೈ ತಾನಾಗಿ ಸ್ವಿಚ್ಚಿಗೆ ಹೋಯಿತು. ಟೇಪು ಇತ್ತು.

ಆ ಹೊದಿಕೆಗೆ ಇನ್ನೂ ಬಹಳ ಗೂಡುಗಳು ಬಾಕಿ ಇವೆ. ಪ್ರಾಣಿಶಾಸ್ತ್ರ ಓದಿದವರು ಯಾರಾದರೂ ಮುಂದುವರಿಸಬೇಕು. ಹೋಗುವವರು ಪದವಿಪತ್ರದ ಹಿಂಬದಿ ಖಾಲಿ ಇಟ್ಟುಕೊಳ್ಳಿ, ಸ್ವೆಟರ್ ಇಲ್ಲಿಂದಲೇ ಒಯ್ಯಿರಿ.